ವಾರಿಜಾಳ ಜಡೆ

ಅದು 1954ರ ಮಾತು. ಮುಂಬಯಿಯ ವಡಾಲದ ಚಾಳಿನಲ್ಲಿ ಯಮುನಮ್ಮ ಕ್ಷೌರಿಕನ ದಾರಿ ಕಾಯುತ್ತಿದ್ದರು. ಉಡುಪಿ ಕಡೆಯ ಬ್ರಾಹ್ಮಣ ವಿಧವೆ. ತಿಂಗಳಿಗೊಮ್ಮೆ ಆತ ಬಂದು ಅವರ ತಲೆ ಬೋಳಿಸಿ ಹೋಗುತ್ತಿದ್ದ. "ಈ ಸಲ ಎರಡು ತಲೆ" ಎಂದು ಅವರೇ ಹೇಳಿಕಳಿಸಿದ್ದರು. ಎರಡನೆಯದು ಸೊಸೆ ವಾರಿಜಾಳದು. ಮಗ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಗಂಡ ಸತ್ತದ್ದಕ್ಕೆ ಇಪ್ಪತ್ತೆರಡರ ಹುಡುಗಿಯ ಕೂದಲೇನು ತಪ್ಪು ಮಾಡಿತ್ತೋ!

ಮರುದಿನ ಮಠದ ಸ್ವಾಮಿಗಳು ಮಾಟುಂಗಕ್ಕೆ ಬರುವವರಿದ್ದರು. ತಲೆಯಲ್ಲಿ ಕೂದಲಿರುವ ವಿಧವೆಗೆ ಅವರು ತೀರ್ಥ ಕೊಡುವುದಿಲ್ಲ. ವಾರಿಜಾ ಒಲೆಯ ಮೂಲೆಯಲ್ಲಿ ಜಡೆ ಹಿಡಿದುಕೊಂಡು ಕುಳಿತಿದ್ದಳು. "ನನಗೆ ಬೇಡ ಅತ್ತೇ" ಎಂಬುದೊಂದೇ ಮಾತು.

ವಾರಿಜಾಳ ಅಳು ಕೇಳಿ ಪಕ್ಕದ ಖೋಲಿಯ ನಾಗವ್ವ ಬಂದಳು. ಧಾರವಾಡದವಳು, ಆಸ್ಪತ್ರೆಯಲ್ಲಿ ನರ್ಸು, ಮುಲಾಜಿಲ್ಲದ ಹೆಂಗಸು.

"ಅಮ್ಮಾರ, ಹುಡುಗಿ ಒಲ್ಲೆ ಅಂತಾಳ. ಹಿಡಿದು ಬೋಳಿಸಿದ್ರ ಅದು ಅಪರಾಧ ಆಗ್ತೈತಿ. ಪೊಲೀಸ್ರ ತನಕ ಹೋಗೋ ಮಾತದು."

"ಶಾಸ್ತ್ರ ಉಂಟಲ್ಲ ಮಾರಾಯ್ತಿ! ಇವಳಿಗೆ ತೀರ್ಥ ಸಿಗದಿದ್ದರೆ ನನ್ನ ಮಗನಿಗೆ ಸದ್ಗತಿ ಹೇಗೆ?"

"ಹೆಂಡ್ತಿ ಸತ್ತ ಗಂಡಸರಿಗೂ ಹಿಂಗ ಜೀವನಪೂರ್ತಿ ಬೋಳಸ್ತಾರೇನ್ರಿ?"

ಯಮುನಮ್ಮ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು.

"ನಿಮಗ ಬೋಳಿಸಿದಾಗ ಎಷ್ಟು ವಯಸ್ಸಿತ್ರಿ?"

"ಹದಿನೇಳು."

ಹೇಳುತ್ತಲೇ ಅವರ ಕೈ ಸೆರಗಿನೊಳಗೆ ಹೋಗಿ ಬೋಳುತಲೆ ಮುಟ್ಟಿತು. ಅಂದು ಇಬ್ಬರು ಹೆಂಗಸರು ಅವರನ್ನು ಅದುಮಿ ಹಿಡಿದಿದ್ದರು. ಬೋಳಿಸಿಕೊಂಡು ಎದ್ದಾಗ, ಒಂದು ವರ್ಷದ ಮಗು ತಾಯಿಯ ಗುರುತು ಸಿಕ್ಕದೆ ಚೀರಿ ದೂರ ಸರಿದಿತ್ತು. ಆ ಮಗುವೇ ಈಗ ಸತ್ತ ಮಗ. ಅವನ ಹೆಸರಿನಲ್ಲೇ ಇವತ್ತು ಅವನ ಹೆಂಡತಿಯನ್ನು ಹಿಡಿದು ಕೂರಿಸಲು ಹೊರಟಿದ್ದರು. ಯಮುನಮ್ಮನಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಕ್ಷೌರಿಕ ಬಂದು ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದ.

"ಇವತ್ತು ಒಂದೂ ತಲೆ ಇಲ್ಲಪ್ಪ" ಎಂದರು ಯಮುನಮ್ಮ. "ಮುಂದಿನ ತಿಂಗಳೂ ಬರುವುದು ಬೇಡ."

ಮರುದಿನ ಮಾಟುಂಗದಲ್ಲಿ ಅತ್ತೆ ಸೊಸೆ ಒಟ್ಟಿಗೇ ಸಾಲಿನಲ್ಲಿ ನಿಂತರು. ಸ್ವಾಮಿಗಳು ಜಡೆ ಕಂಡು ವಾರಿಜಾಳನ್ನು ದಾಟಿ, ಯಮುನಮ್ಮನ ಕಡೆ ತೀರ್ಥದ ಸೌಟು ಚಾಚಿದರು. ಯಮುನಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.

"ಇವಳಿಗಿಲ್ಲದ ತೀರ್ಥ ನನಗೂ ಬೇಡ ಸ್ವಾಮೀ. ದೇವರ ಹತ್ತಿರ ನಾವೇ ಮಾತಾಡಿಕೊಳ್ಳುತ್ತೇವೆ."

ಸಾಲಿನಲ್ಲಿದ್ದ ಇನ್ನೊಬ್ಬ ಬೋಳುತಲೆಯ ಅಜ್ಜಿಯೂ ಚಾಚಿದ ಕೈ ಮಡಚಿಕೊಂಡರು.

ತಾಯಂದಿರೇ, ಕ್ಷೌರಿಕನಿಗೆ ಹೇಳಿಕಳಿಸುವ ಮುಂಚೆ ನಿಮ್ಮ ಮನೆಯ ಆ ಹುಡುಗಿಯನ್ನು ಒಂದು ಮಾತು ಕೇಳಿ. ಅವಳು ಬೇಡ ಎಂದರೆ, ಬಾಗಿಲಿಗೆ ಅಡ್ಡ ನಿಲ್ಲಬೇಕಾದವರು ನೀವೇ. ನಿಮ್ಮನ್ನು ಹಿಡಿದು ಕೂರಿಸಿದ ದಿನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ, ನೆನಪಿದೆಯಲ್ಲ?