ಅಮ್ಮ ಹೊಗಳಿದ ಮೀನು

ಜ್ವರ ಬಿಟ್ಟು ನಾಲ್ಕು ವಾರವಾಗಿತ್ತು. ಹೋಗುವಾಗ ಅದು ಅಡುಗೆಯವನ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಮೂಗು ಮುಖದ ಮೇಲೇ ಇತ್ತು, ನೆಟ್ಟಗೂ ಇತ್ತು. ವಾಸನೆ ಮಾತ್ರ ಹತ್ತುತ್ತಿರಲಿಲ್ಲ. ಸೀದ ಈರುಳ್ಳಿಯೂ ಒಂದೇ, ಬಟ್ಟೆ ಸೋಪೂ ಒಂದೇ.

ಕ್ಯಾಂಟೀನೊಂದರಲ್ಲಿ ಹದಿನೆಂಟು ವರ್ಷದಿಂದ ಕರಿದ ಮೀನಿನ ಸ್ಯಾಂಡ್‌ವಿಚ್ ಮಾಡುತ್ತಿದ್ದವನು. "ಮೂಗು ಸರಿಹೋಗಿದ್ರೆ ನಾಳೆ ಬಾ. ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತೀನಿ" ಎಂದು ಯಜಮಾನರು ಫೋನ್ ಮಾಡಿದಾಗ, "ಸರಿಹೋಗಿದೆ ಸಾರ್" ಎಂದು ಹಸಿ ಸುಳ್ಳು ಹೇಳಿಬಿಟ್ಟಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಮೂಗಿಲ್ಲದೆಯೂ ಕೈ ನಡೆಯುತ್ತದೋ ಇಲ್ಲವೋ ಇವತ್ತೇ ಮನೆಯಲ್ಲಿ ನೋಡಿಬಿಡಬೇಕಿತ್ತು. ತಿಂದು ಹೇಳಲು ಅಮ್ಮ ಇದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಗಾದೆ ಈ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅವನು ಸೌಟು ಹಿಡಿದ ದಿನದಿಂದ ಅಮ್ಮನ ಬಾಯಲ್ಲಿ ಒಂದೇ ಮಾತು: ಉಪ್ಪು ಜಾಸ್ತಿ, ಎಣ್ಣೆ ಜಾಸ್ತಿ, ನಿನ್ನ ಜಂಬ ಎಲ್ಲಕ್ಕಿಂತ ಜಾಸ್ತಿ. ಹಾಗಂತ ತಟ್ಟೆಯಲ್ಲಿ ಒಂದು ಚೂರನ್ನೂ ಬಿಟ್ಟವಳಲ್ಲ.

ಬೆಳಿಗ್ಗೆ ಮೀನಿನಂಗಡಿಗೆ ಹೋಗಿದ್ದ. ಇಡೀ ಮೀನಾಗಿದ್ದರೆ ಕಣ್ಣು, ಕಿವಿರು ನೋಡಿ ಕೊಳ್ಳಬಹುದಿತ್ತು. ಸ್ಯಾಂಡ್‌ವಿಚ್ಚಿಗೆ ಬೇಕಾದದ್ದು ಮುಳ್ಳು, ಚರ್ಮ ತೆಗೆದ ತುಂಡು. ಅದಕ್ಕೆ ಮೂಗೇ ಸಾಕ್ಷಿ. ರೂಢಿಯಂತೆ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದ, ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದ, ಕಟ್ಟಿಸಿಕೊಂಡು ಬಂದ. ಮನೆಯಲ್ಲಿ ತೊಳೆಯುವಾಗ ಬೆರಳಿಗೆ ಸ್ವಲ್ಪ ಲೋಳೆ ಲೋಳೆ ಎನಿಸಿತು. ಮಂಜುಗಡ್ಡೆಯ ನೀರಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ತುಂಡುಗಳಿಗೆ ಉಪ್ಪು, ಮೆಣಸಿನ ಪುಡಿ ಸವರಿ, ಮೈದಾದಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿ ಮೆತ್ತಿದ. ಎಣ್ಣೆ ಕಾದದ್ದನ್ನು ಕಿವಿಯಿಂದಲೇ ಕಂಡುಹಿಡಿದ. ಮೀನು ಹೊಂಬಣ್ಣಕ್ಕೆ ತಿರುಗಿದಾಗ ಎತ್ತಿ ಎಣ್ಣೆ ಬಸಿದ. ಬ್ರೆಡ್ ಬಿಸಿ ಮಾಡಿ, ಸೌತೆಕಾಯಿ, ಈರುಳ್ಳಿ ಜೋಡಿಸಿ, ನಿಂಬೆ ಹಿಂಡಿ ಅಮ್ಮನ ಮುಂದಿಟ್ಟ.

ಅಮ್ಮ ಕಚ್ಚಿದಳು. ಅಗಿಯುವುದು ಒಂದು ಕ್ಷಣ ನಿಂತಿತು. ಆಮೇಲೆ ನುಂಗಿದಳು.

"ಹೇಗಿದೆ?"

"ಚೆನ್ನಾಗಿದೆ ಕಣೋ. ತುಂಬ ಚೆನ್ನಾಗಿದೆ."

ಅವನಿಗೆ ಕುಣಿಯಬೇಕೆನ್ನಿಸಿತು. ಅಮ್ಮ ಮತ್ತೊಂದು ತುತ್ತು ಕಚ್ಚಿದಳು.

"ಉಪ್ಪು?"

"ಹದವಾಗಿದೆ."

"ಎಣ್ಣೆ?"

"ಏನೂ ಜಾಸ್ತಿಯಿಲ್ಲ."

ಎಣ್ಣೆ ಜಾಸ್ತಿಯಿಲ್ಲ ಎಂದು ಅಮ್ಮ ಹೇಳಿದ್ದು ಇದೇ ಮೊದಲು. ಒಂದು ತುಂಡು ಮೀನು ತೆಗೆದು, ಕಿಟಕಿಯಲ್ಲಿ ಕಾಯುತ್ತಿದ್ದ ಬೆಕ್ಕಿನ ಮುಂದೆ ಹಾಕಿದ. ಈ ಮನೆಯ ಮೀನಿಗಾಗಿ ಗೋಡೆ ಹತ್ತಿ ಬರುತ್ತಿದ್ದ ಬೆಕ್ಕು ಅದು. ಮೂಸಿತು, ಮುಖ ತಿರುಗಿಸಿತು, ಇಳಿದು ಹೋಯಿತು.

ಅವನು ಅಮ್ಮನ ಕೈಯಿಂದ ಸ್ಯಾಂಡ್‌ವಿಚ್ ಕಿತ್ತುಕೊಂಡ. "ಉಗಿ ಅಮ್ಮ, ಉಗಿ! ಗೊತ್ತಾದ್ರೂ ಯಾಕೆ ತಿಂದೆ?"

"ನಾಳೆ ಕೆಲಸಕ್ಕೆ ಹೋಗ್ಬೇಕಲ್ಲೋ ನೀನು" ಎಂದಳು ಅಮ್ಮ, ಬಾಯಿ ಒರೆಸಿಕೊಳ್ಳುತ್ತ. "ತಟ್ಟೆ ಇಟ್ಟು ನನ್ನ ಮುಖಾನೇ ನೋಡ್ತಾ ನಿಂತಿದ್ದೆ. ಚೆನ್ನಾಗಿಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ."

"ನಾಳೆ ಇದನ್ನೇ ನೂರು ಜನಕ್ಕೆ ತಿನ್ನಿಸ್ತಿದ್ನಲ್ಲ ಅಮ್ಮ!"

ಅವನು ಮೈದಾ ಹತ್ತಿದ ಕೈಯಲ್ಲೇ ಫೋನ್ ತೆಗೆದುಕೊಂಡ. "ಸಾರ್, ಮೂಗು ಬಂದಿಲ್ಲ. ಸುಳ್ಳು ಹೇಳಿದ್ದೆ." ಆ ಕಡೆಯ ಮಾತು ಹೆಚ್ಚು ಹೊತ್ತು ನಡೆಯಲಿಲ್ಲ. ಫೋನ್ ಕೆಳಗಿಟ್ಟು, ಒಲೆಯ ಪಕ್ಕ ನೆಲದ ಮೇಲೆ ಕುಸಿದು ಕೂತ.

"ಬೈಯಮ್ಮ" ಎಂದ. "ದಮ್ಮಯ್ಯ ಅಂತೀನಿ, ಯಾವಾಗ್ಲೂ ಬೈಯೋ ಹಾಗೆ ಒಂದ್ಸಲ ಬೈದ್ಬಿಡು."

ಅಮ್ಮ ಅವನ ಪಕ್ಕ ಬಂದು ಕೂತಳು. "ಉಪ್ಪು..." ಎಂದಳು. ಮುಂದಿನ ಮಾತು ಹೊರಡಲಿಲ್ಲ.