ಸ್ತೆಫಾಳ ಹೆಸರು ಹಿಡಿದು

೧೯೭೮ರ ಅಕ್ಟೋಬರ್ ೧೭, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು, ಹಳ್ಳಿಯ ಅಂಚೆ ಕಚೇರಿಯ ಗಡಿಯಾರ ಎರಡು ನಿಮಿಷ ಮುಂದಿದೆ, ಹಳೆಯ ಹಾಡು ಸಂಗ್ರಹಿಸಲು ಬಂದ ಮಿರೊಸ್ಲಾವಾ ಆ ಎರಡನ್ನು ಕಳೆದಳು, ಕಳೆದರೂ ಲ್ವಿವ್ ನಗರದ ಅಮ್ಮನ ಮನೆಗೆ ಕಾಯ್ದಿರಿಸಿದ ಕರೆ ಸಿಕ್ಕಿಲ್ಲ, ನಿನ್ನೆಯೂ ಎರಡು ಸಲ ಅಮ್ಮ ಫೋನು ಎತ್ತಲಿಲ್ಲ, ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ ಅಮ್ಮ — ಕೂತ್ಕೋ ಹುಡುಗಿ, ನೀನು ನಿಂತ್ರೆ ತಂತಿ ಬೇಗ ಓಡುತ್ತಾ, ಅನ್ನುತ್ತಾಳೆ ಕಿಟಕಿಯಾಚೆ ಕರೆ ಜೋಡಿಸುವ ಲಿಡಾ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ — ಕೂತಳು, ತೊಡೆಯ ಮೇಲೆ ಟೇಪ್ ರೆಕಾರ್ಡರ್, ಸುರುಳಿಯ ಅಂಚಿಗೆ ತಾನೇ ಹಚ್ಚಿದ ಬಿಳಿ ಚುಕ್ಕೆ, ಶನಿವಾರ ಹಪ್ಕಾ ಅಜ್ಜಿಯ ಮನೆಯಲ್ಲಿ ಆ ಚುಕ್ಕೆ ಆಗಲೇ ತಿರುಗತೊಡಗಿತ್ತು, ಹೆಣದ ಮುಂದೆ ಅಳುವ ಹಾಡು, ಈ ಜೌಗು ಸೀಮೆಯ ಹಳೆಯ ನುಡಿಯಲ್ಲಿ, ಏಳು ಹಳ್ಳಿ ಸುತ್ತಿದರೂ ಅದನ್ನು ಪೂರ್ತಿ ಬಲ್ಲವಳು ಈ ಅಜ್ಜಿಯೊಬ್ಬಳೇ, ಅವಳು ಅಂದಳು, ಹೆಸರು ಹಿಡಿದು ಕರೀದೆ ಹೆಂಗಮ್ಮ ಅಳೋದು, ನಮ್ಮನೆ ಸತ್ತೋರನ್ನೆಲ್ಲ ಅತ್ತು ಮಲಗಿಸಾಗಿದೆ, ಮತ್ತೆ ಎಬ್ಬಿಸಬಾರದು, ನಿನ್ನೋರ ಹೆಸರು ಕೊಡು, ತಾಯಿ ಹೆಸರೇನು — ಸ್ತೆಫಾ, ಅಂದುಬಿಟ್ಟಳು ಮಿರೊಸ್ಲಾವಾ, ಟೇಪು ಓಡುತ್ತಿದೆ ಎಂಬ ಅವಸರಕ್ಕೆ, ಬದುಕಿರುವವರ ಹೆಸರಿಗೆ ಅಳಬಾರದೆಂದು ಹಿಂದಿನ ದಿನವಷ್ಟೇ ತನ್ನ ಪುಸ್ತಕದಲ್ಲಿ ಬರೆದುಕೊಂಡವಳು, ನಿಯಮ ಹನ್ನೊಂದು, ಕೆಳಗೆ ಗೆರೆ ಕೂಡ ಎಳೆದಿದ್ದಾಳೆ, ಅಜ್ಜಿ ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ತಾಯಿ ಹೋಗಿ ಎಷ್ಟು ವರ್ಷ ಆಯ್ತು ಮಗಳೇ? ಇದ್ದಾಳೆ ಅಜ್ಜಿ. ಅಯ್ಯೋ ಕತ್ತೆ! ಓದಿದ ಕತ್ತೆ! ಅಳಿಸು ಅದನ್ನ, ನಿನ್ನ ಪೆಟ್ಟಿಗೆ ಅಳೋ ತನಕ ಸಾವು ದಾರಿ ಕೇಳ್ತಾನೇ ಇರುತ್ತೆ, ಇನ್ನೊಂದ್ಸಲ ಹಾಡು ಅಂತ ಮಾತ್ರ ಬರಬೇಡ — ಧ್ವನಿ ಎಂದರೆ ಗಾಳಿಯ ಕಂಪನ, ಟೇಪಿನ ಮೇಲಿರುವುದು ಲೋಹದ ಪುಡಿ, ಪುಡಿಗೆ ಲ್ವಿವ್‌ನ ವಿಳಾಸ ಗೊತ್ತಿಲ್ಲ, ಗೊತ್ತಿಲ್ಲ, ಆದರೆ ಈಗ ಅಂಚೆ ಕಚೇರಿಯ ಬೆಂಚಿನ ಮೇಲೆ ಬೆರಳು ಮೈಕಿನ ತಂತಿ ಕಿತ್ತಿದೆ, ಧ್ವನಿಮುದ್ರಣದ ಗುಂಡಿ ಒತ್ತಿದೆ, ಹಾಡಿನ ಮೇಲೆ ಮೌನ ಹರಡುತ್ತಿದೆ, ಚುಕ್ಕೆ ಮೇಲೆ, ಚುಕ್ಕೆ ಕೆಳಗೆ — ಲ್ವಿವ್! ಎರಡನೇ ಫೋನ್ ಗೂಡು! ಲಿಡಾ ಕೂಗಿದಳು, ಮಿರೊಸ್ಲಾವಾ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಓಡಿದಳು, ಯಾರು, ಸ್ಲಾವ್ಕಾನಾ, ಟ್ರಂಕ್ ಕಾಲ್ ಯಾಕೆ, ಯಾರಾದ್ರೂ ಸತ್ರಾ? ಅಮ್ಮ, ತನ್ನನ್ನು ಸ್ಲಾವ್ಕಾ ಎಂದು ಕರೆಯುವ ಅಮ್ಮನೇ, ಎರಡು ದಿನ ತಂಗಿ ಮನೇಲಿದ್ದೆ ಕಣೇ, ಎಲೆಕೋಸು ಉಪ್ಪಿಗೆ ಹಾಕ್ತಾ, ಸೊಂಟ ಬಿದ್ದೋಯ್ತು, ಮಾತಾಡೇ — ಈಗಲೇ ಓಡಿ ನಿಲ್ಲಿಸಿದರೆ ಅರ್ಧ ಹಾಡಾದರೂ ಉಳಿದೀತು, ಅಮ್ಮ ಉಸಿರೆಳೆದುಕೊಳ್ಳುತ್ತಿದ್ದಾಳೆ, ಆ ಉಸಿರು ಸ್ವಲ್ಪ ಗಿಡ್ಡವಾಯಿತೇ, ಗೂಡಿನ ಗಾಜಿನಾಚೆ ಬಿಳಿ ಚುಕ್ಕೆ ಮೇಲೆ, ಕೆಳಗೆ, ಮೇಲೆ, ಮಗಳು ಅಲುಗಲಿಲ್ಲ, ಚುಕ್ಕೆ. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡಳು: ಅಳಿಸಿದ ಅವಧಿ, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.