ಚಿಕ್ಕಮ್ಮನ ಬೆನ್ನುನೋವು

೧

ಎಲ್ಲಿಂದ ಶುರು ಮಾಡಲಿ ಹೇಳಿ?

ಒಂದು ಡ್ರಾಫ್ಟ್ ಹೀಗಿತ್ತು: 'ಸ್ನಾನ ಮಾಡುವಾಗ ಅಕ್ಕನ ಬೆರಳಿಗೆ ಕಡಲೆಕಾಳಿನಷ್ಟು ಗಂಟು ತಗುಲಿತು.' ಹರಿದುಹಾಕಿದೆ. ಇಂಥ ಕಥೆಗಳೆಲ್ಲ ಬಚ್ಚಲುಮನೆಯಲ್ಲೇ ಶುರುವಾಗುತ್ತವೆ. ಅಲ್ಲದೆ ಅದು ಸುಳ್ಳು. ಕಡಲೆಕಾಳಿನಷ್ಟಿದ್ದಾಗ ಅದು ಯಾರ ಬೆರಳಿಗೂ ಸಿಗಲಿಲ್ಲ. ಸಿಕ್ಕಾಗ ನಿಂಬೆಹಣ್ಣಿನಷ್ಟಿತ್ತು.

ಸರಿ, ಅಮ್ಮನಿಂದ ಶುರು ಮಾಡೋಣ. ಅಮ್ಮ ಸತ್ತಾಗ ನನಗೆ ಎಂಟು, ಅಕ್ಕನಿಗೆ ಹದಿನಾಲ್ಕು. 'ಜ್ವರ ನೆತ್ತಿಗೇರಿ ಹೋದಳು' ಅಂತ ಚಿಕ್ಕಮ್ಮ ಹೇಳಿದಳು. ಅಮ್ಮನ ಒಡಹುಟ್ಟಿದ ತಂಗಿ, ಆಮೇಲೆ ನಮ್ಮಿಬ್ಬರನ್ನೂ ಸಾಕಿದವಳು. (ನಮ್ಮ ಮನೆಯ ನಿಜವಾದ ಕಥೆಗಾರ್ತಿ ಅವಳೇ. ಇಪ್ಪತ್ತೇಳು ವರ್ಷ ಆ ಕಥೆಯ ಒಂದು ಪದವನ್ನೂ ಬದಲಾಯಿಸಲಿಲ್ಲ. ನಾನು ಒಂದು ಪ್ಯಾರಾವನ್ನು ಎರಡು ದಿನ ಹಾಗೇ ಬಿಡಲಾರೆ.)

೨

ಅಕ್ಕ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದಳು. ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ಉಗುರಿನ ಸಂದಿಯಲ್ಲೆಲ್ಲ ಬಿಳಿ ಕೆಸರು. (ಊರವರ ಕಣ್ಣಿಗೆ ಗಾಜು ಕೊಟ್ಟವಳು ತನ್ನನ್ನು ತಾನು ನೋಡಿಕೊಳ್ಳಲಿಲ್ಲ ಅನ್ನೋ ಸಾಲು ನನಗೂ ಹೊಳೆದಿತ್ತು. ಬರೆದಿದ್ದರೆ ಅಕ್ಕ ಒದೆಯುತ್ತಿದ್ದಳು.)

ಅವಳಿಗೆ ಮೂವತ್ತೆಂಟಾದಾಗ ಅಂಗಡಿಯ ಹೆಂಗಸರಿಗೆಂದು ಎದೆ ತಪಾಸಣೆಯ ಕ್ಯಾಂಪ್ ಬಂತು. ಸ್ಟಾಕ್ ರೂಮಿನಲ್ಲಿ ಮೇಜು ಹಾಕಿಕೊಂಡು ನರ್ಸ್ ಫಾರಂ ತುಂಬಿಸುತ್ತಿದ್ದಳು.

"ಮನೇಲಿ ಯಾರಿಗಾದ್ರೂ ಸ್ತನದ ಕ್ಯಾನ್ಸರ್ ಇತ್ತಾ? ಅಮ್ಮ, ಚಿಕ್ಕಮ್ಮ, ಅಕ್ಕ-ತಂಗಿ?"

"ಇಲ್ಲಮ್ಮ. ನಮ್ಮ ಮನೇಲಿ ಜ್ವರಕ್ಕೇ ಹೋಗೋದು."

ನರ್ಸ್ ನಕ್ಕು 'ಇಲ್ಲ' ಅನ್ನೋದರ ಮುಂದೆ ಟಿಕ್ ಹಾಕಿದಳು. "ಹಾಗಾದ್ರೆ ನಿಮಗೆ ಈಗಲೇ ಅರ್ಜೆಂಟ್ ಇಲ್ಲ. ನಲವತ್ತಾದ್ಮೇಲೆ ಬನ್ನಿ."

ನಲವತ್ತಾಯಿತು. ಹೋಗಲಿಲ್ಲ. ನಾನು ನೆನಪಿಸಿದರೆ, "ಯಾರಿಗೂ ಇಲ್ಲದ್ದು ನನಗ್ಯಾಕೆ ಬರುತ್ತೆ, ಬಿಡೇ" ಅಂದಳು. ನಾನು ಬಿಟ್ಟೆ.

೩

(ಈ ಭಾಗ ಮೂರು ಸಲ ಬರೆದೆ. ಮೊದಲನೆಯದರಲ್ಲಿ ಡಾಕ್ಟರ್ ವಿಪರೀತ ಮಾತಾಡಿದರು. ಎರಡನೆಯದರಲ್ಲಿ ನಾನು ವಿಪರೀತ ಅತ್ತೆ.)

ನಡೆದದ್ದು ಇಷ್ಟು. ಅಕ್ಕನಿಗೆ ನಲವತ್ತೊಂದು. ಗಂಟಿನ ಬಯಾಪ್ಸಿ ರಿಪೋರ್ಟ್ ಬಂದಿತ್ತು: ಕ್ಯಾನ್ಸರ್. ಆಸ್ಪತ್ರೆಯ ಕಾರಿಡಾರಿನಲ್ಲಿ ನಾವು ಮೂವರೂ ಸ್ಟೀಲ್ ಕುರ್ಚಿಗಳ ಮೇಲೆ ಕೂತಿದ್ದೆವು. ಎದೆಯ ಎಕ್ಸ್‌ರೇ ತೆಗೆಯೋ ಮ್ಯಾಮೊಗ್ರಾಂ ಕೋಣೆಯಿಂದ ಫೈಲು ಹಿಡಿದು ಬಂದ ನರ್ಸ್ ಚಿಕ್ಕಮ್ಮನನ್ನು ನೋಡಿ ನಿಂತಳು.

"ಏನಮ್ಮಾ, ನಿಮ್ಮದು ಈ ವರ್ಷದ್ದು ಮುಗೀತಲ್ಲ? ಕ್ಲಿಯರ್ ಇತ್ತಲ್ಲ? ಮತ್ತೆ ಬಂದ್ರಾ?"

ಚಿಕ್ಕಮ್ಮ ಕೈಚೀಲದ ಜಿಪ್ ಎಳೆದಳು. ಮತ್ತೆ ಮುಚ್ಚಿದಳು.

ವರ್ಷಕ್ಕೊಂದು ದಿನ ಚಿಕ್ಕಮ್ಮ ಬೆನ್ನುನೋವಿಗೆ ಅಂತ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಯಾರೂ ಜೊತೆಗೆ ಬರಬೇಡಿ ಅನ್ನುತ್ತಿದ್ದಳು. ಇಪ್ಪತ್ತು ವರ್ಷ, ಒಂದು ವರ್ಷವೂ ತಪ್ಪದೆ. ಹೋಗುತ್ತಿದ್ದದ್ದು ಈ ಕೋಣೆಗೆ.

ಅಕ್ಕ ಕೂಗಾಡಲಿಲ್ಲ. "ಅಮ್ಮಂಗೆ ಯಾವ ಕಡೆ ಇತ್ತು?" ಅಂದಳು.

"ಎಡಗಡೆ."

"ನಂಗೂ ಎಡಗಡೆ."

"ಮಕ್ಕಳಿಗೆ ಹೇಳ್ಬೇಡ ಅಂತ ನಿಮ್ಮಮ್ಮ ಮಾತು ತಗೊಂಡಿದ್ಲು ಕಣೇ. ಆಮೇಲೆ ನಿಮ್ಮ ಮದುವೆ ಆಗ್ಬೇಕಿತ್ತು. ಗೊತ್ತಾದ್ರೆ ಯಾರು ಒಪ್ತಿದ್ರು?"

"ನಾನು ಮದುವೆನೇ ಆಗ್ಲಿಲ್ಲವಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಮತ್ತೆ ಕೈಚೀಲದ ಜಿಪ್ ಎಳೆದಳು.

೪

ಮುಕ್ತಾಯ ಒಂದು: ಅಕ್ಕ ಕ್ಷಮಿಸುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಇದನ್ನು ಮೂರನೇ ಕೀಮೋ ಆದ ಮೇಲೆ ಅಕ್ಕನಿಗೇ ಓದಿ ಹೇಳಿದೆ.

"ಥೂ, ನಾನ್ಯಾವಾಗ ಕ್ಷಮಿಸ್ದೆ? ಹೊಡೆದುಹಾಕು."

"ಕ್ಷಮಿಸಲಿಲ್ಲ ಅಂತ ಬರೀಲಾ?"

"ಅದೂ ಬೇಡ. ಬೇಸಿನ್ ಹಿಡಿಯೋಳು ಅವಳೇ. ಬೈಯೋಣ ಅಂತ ಬಾಯಿ ತೆಗೆದ್ರೆ ವಾಂತಿ ಬರುತ್ತೆ."

ಮುಕ್ತಾಯ ಎರಡು: ಅಕ್ಕ ಬದುಕುತ್ತಾಳೆ. ಇದನ್ನು ಅವಳಿಗೆ ಓದಿ ಹೇಳಲಿಲ್ಲ.

ಲಿವರ್‌ಗೆ ಹರಡಿತ್ತು. ಹದಿನಾರು ತಿಂಗಳಿಗೆ ಹೋದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಏನಾಗಿತ್ತು ಪಾಪ, ಜ್ವರಾನಾ?" ಅಂದಳು. ಚಿಕ್ಕಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು.

"ಸ್ತನದ ಕ್ಯಾನ್ಸರ್. ಅವರಮ್ಮನಿಗೂ ಅದೇ. ಹೇಳದೆ ಇದ್ದೋಳು ನಾನು."

ಬೀದಿಗೆಲ್ಲ ಕೇಳೋ ಹಾಗೆ ಅಂದಳು.

೫

ಇಲ್ಲಿಗೆ ನಿಲ್ಲಿಸಬಹುದಿತ್ತು. ಓದುಗರಿಗೆ ಚಿಕ್ಕಮ್ಮನ ಮೇಲೆ ಸಿಟ್ಟು ಬಂದಿದೆ, ಸ್ವಲ್ಪ ಕರುಣೆಯೂ ಬಂದಿದೆ, ಸಾಕು. ಆದರೆ ಅಕ್ಕ ಬಿಡುತ್ತಿಲ್ಲ. (ಸತ್ತ ಪಾತ್ರಗಳು ಬದುಕಿದ್ದವರಿಗಿಂತ ಜಾಸ್ತಿ ವಾದ ಮಾಡುತ್ತವೆ.) "ನಿನ್ನದೇನೇ ಕಥೆ?" ಅನ್ನುತ್ತಾಳೆ.

ನನಗೆ ಮೂವತ್ತಾರು ದಾಟಿದೆ. ಎದೆ ತಪಾಸಣೆಯ ಎರಡು ಅಪಾಯಿಂಟ್‌ಮೆಂಟ್ ತಪ್ಪಿಸಿದ್ದೇನೆ. ಒಂದಕ್ಕೆ ನೆಗಡಿ, ಇನ್ನೊಂದಕ್ಕೆ ಡೆಡ್‌ಲೈನ್. ಅಕ್ಕನಿಗೆ ಗೊತ್ತಿರಲಿಲ್ಲ, ಹೋಗಲಿಲ್ಲ. ನನಗೆ ಎಲ್ಲಾ ಗೊತ್ತು, ಹೋಗುತ್ತಿಲ್ಲ. ಈ ತಪ್ಪನ್ನು ಯಾವ ಚಿಕ್ಕಮ್ಮನ ತಲೆಗೆ ಕಟ್ಟಲಿ?

ಮೂರನೆಯದು ಇವತ್ತು ಹನ್ನೊಂದಕ್ಕೆ. ನಾನು ಒಂಬತ್ತಕ್ಕೇ ಈ ಕಥೆ ಮುಗಿಸೋಕೆ ಕೂತೆ. ಈಗ ಹನ್ನೊಂದು ಹತ್ತು. ಫೋನ್ ಬಂತು.

"ಎಲ್ಲಿದ್ದೀಯೇ? ಟೋಕನ್ ತಗೊಂಡು ಕೂತಿದ್ದೀನಿ."

"ಕಥೆ ಮುಗಿಸ್ತಿದ್ದೀನಿ ಚಿಕ್ಕಮ್ಮ. ಕೊನೆ ಸಿಗ್ತಿಲ್ಲ."

"ಕೊನೆ ಹಾಳಾಗ್ಲಿ. ನಿನ್ನ ಹೆಸರು ಕೂಗ್ತಿದ್ದಾರೆ."

ಅವಳ ಹಿಂದಿನಿಂದ ಯಾರೋ ಮತ್ತೊಮ್ಮೆ ಕೂಗಿದ್ದು ನನಗೂ ಕೇಳಿಸಿತು. ಒಂದು ಕಾಲಿಗೆ ಚಪ್ಪಲಿ ಹಾಕಿದ್ದೇನೆ. ಇನ್ನೊಂದರ ಬಗ್ಗೆ ಬರೆಯುತ್ತ ಕೂರುವುದಿಲ್ಲ.